ವಿವೇಕವೂ ನಂಬುಗೆಯೂ

ಇರಿಸಿಹೋದ ಹಣಕ್ಕೂ ಹೇಳಿಕೊಂಡ ಗುಟ್ಟಿಗೂ ಧರ್ಮವು ಒಂದೇ, ಎರಡೂ ನ್ಯಾಸಗಳು. ನ್ಯಾಸವನ್ನು ಹೊತ್ತವನು ಅದನ್ನು ಕಾಯಬೇಕೇ ಹೊರತು ತನ್ನದೆಂದು ವೆಚ್ಚಮಾಡಲಾಗದು. ಕ್ರೈಸ್ತರ ಸಾಧನಮಾರ್ಗದಲ್ಲಿ ಈ ಧರ್ಮಕ್ಕೆ ವಿಶೇಷವಾದ ಸ್ಥಾನವುಂಟು. ಪಾಪವನ್ನು ಬಾಯಿಬಿಟ್ಟು ನಿವೇದಿಸಿಕೊಳ್ಳುವುದು ಆ ಮಾರ್ಗದಲ್ಲಿ ಆತ್ಮಚಿಕಿತ್ಸೆಗೆ ಮೊದಲ ಮೆಟ್ಟಿಲು. ಕೇಳುವವನಲ್ಲಿ ವಿವೇಕವೂ ನಂಬುಗೆಯೂ ಇಲ್ಲದಿದ್ದರೆ ಹೇಳಿಕೊಂಡವನ ಗತಿಯೇನು?

ಈ ಪ್ರಶ್ನೆಯು ಐಗುಪ್ತದೇಶದ ಮರುಭೂಮಿಯ ತಪಸ್ವಿಗಳಷ್ಟು ಹಳೆಯದು. ಐದನೆಯ ಶತಮಾನದ ಪೂರ್ವಾರ್ಧದಲ್ಲಿ ಯೋಹಾನ ಕ್ಯಾಸಿಯನನು ಅವರ ಸಂವಾದಗಳನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟನು. ಎರಡನೆಯ ಸಂವಾದವು ವಿವೇಕವನ್ನು ಕುರಿತದ್ದು. ಅದರಲ್ಲಿ ಒಂದು ಕಥೆಯುಂಟು. ಕಾಮವಿಕಾರದಿಂದ ಪೀಡಿತನಾದ ತರುಣ ಸಂನ್ಯಾಸಿಯೊಬ್ಬನು ವೃದ್ಧನೊಬ್ಬನ ಬಳಿಗೆ ಹೋಗಿ ತನ್ನ ಅವಸ್ಥೆಯನ್ನು ಹೇಳಿಕೊಂಡನು. ಸಂನ್ಯಾಸಿಯೆಂಬ ಹೆಸರಿಗೇ ನೀನು ಯೋಗ್ಯನಲ್ಲವೆಂದು ವೃದ್ಧನು ಜರೆದನು. ತರುಣನು ಹತಾಶನಾಗಿ ಸಂನ್ಯಾಸವನ್ನೇ ತೊರೆದು ಹೊರಟನು. ದಾರಿಯಲ್ಲಿ ಎದುರಾದ ಅಪೊಲ್ಲೋಸನೆಂಬ ಹಿರಿಯನು ಅವನ ಬಾಡಿದ ಮುಖವನ್ನು ಕಂಡು ಕಾರಣವನ್ನು ಕೇಳಿದನು. ಈ ವಯಸ್ಸಿನಲ್ಲಿಯೂ ತನ್ನನ್ನು ಇಂಥ ಯೋಚನೆಗಳು ಬಾಧಿಸದೆ ಇಲ್ಲವೆಂದು ಸಂತೈಸಿ, ಅವನನ್ನು ಹಿಂದಕ್ಕೆ ಕಳುಹಿದನು. ಆ ವೃದ್ಧನು ಗುಟ್ಟನ್ನು ಊರಿಗೆಲ್ಲ ಸಾರಿದನೆಂದು ಕಥೆಯು ಹೇಳುವುದಿಲ್ಲ. ಆದರೂ ಅವನು ನಂಬುಗೆಗೆ ದ್ರೋಹ ಬಗೆದನು. ತುಟಿ ಬಿಗಿದ ಮಾತ್ರಕ್ಕೆ ಮನುಷ್ಯನು ವಿಶ್ವಾಸಕ್ಕೆ ಅರ್ಹನಾಗನು. ಕೇಳಿದುದನ್ನು ಕೇಳಿಸಿದವನ ಮೇಲೆಯೇ ಆಯುಧವಾಗಿ ಬಳಸದಿರುವ ಕರುಣೆಯೂ ಬೇಕು.

ಆರನೆಯ ಶತಮಾನದ ಸಂತ ಬೆನೆಡಿಕ್ಟನು ತನ್ನ ಮಠನಿಯಮದ ೪೬ನೆಯ ಅಧ್ಯಾಯದಲ್ಲಿ ಇದನ್ನೇ ವಿಧಿಯಾಗಿ ಮಾಡಿದನು. ಮನಸ್ಸಿನೊಳಗಿನ ಪಾಪವನ್ನು ಮಠಾಧಿಪತಿಗೋ, ತಮ್ಮ ಮತ್ತು ಪರರ ಗಾಯಗಳನ್ನು ಬಯಲುಮಾಡದೆ ಮಾಯಿಸಬಲ್ಲ ಹಿರಿಯರಿಗೋ ಮಾತ್ರ ತಿಳಿಸಬೇಕೆಂಬುದು ಅದರ ಆಶಯ. ಕ್ರಿ. ಶ. ೧೨೧೫ರಲ್ಲಿ ರೋಮಿನ ಲ್ಯಾಟೆರನ್‌ನಲ್ಲಿ ಕೂಡಿದ ನಾಲ್ಕನೆಯ ಮಹಾಸಭೆಯು ಇನ್ನೂ ಕಠಿನವಾಯಿತು. ಮಾತಿನಿಂದಾಗಲಿ ಸನ್ನೆಯಿಂದಾಗಲಿ ಪಾಪಿಯ ಗುಟ್ಟನ್ನು ಹೊರಗೆಡಹಿದ ಯಾಜಕನನ್ನು ಪದಚ್ಯುತಗೊಳಿಸಿ, ಬಿಗಿಯಾದ ಮಠವೊಂದರಲ್ಲಿ ಆಜೀವ ಪ್ರಾಯಶ್ಚಿತ್ತಕ್ಕೆ ಇರಿಸಬೇಕೆಂದು ಕಟ್ಟಳೆಮಾಡಿತು. ಬಲ್ಲವರ ಸಲಹೆಯು ಬೇಕಾದಲ್ಲಿ ವ್ಯಕ್ತಿಯ ಸುಳಿವು ಕೊಡದೆ ಕೇಳಬೇಕೆಂದೂ ವಿಧಿಸಿತು. ೧೯೮೩ರ ಕಥೋಲಿಕ ಧರ್ಮಸಂಹಿತೆಯು ಮತ್ತೊಂದು ಹೆಜ್ಜೆ ಮುಂದಿಟ್ಟಿದೆ: ಗುಟ್ಟು ಹೊರಬೀಳುವ ಭಯವಿಲ್ಲದಿದ್ದರೂ, ನಿವೇದನೆಯಲ್ಲಿ ತಿಳಿದುದನ್ನು ನಿವೇದಿಸಿದವನಿಗೆ ಕೇಡಾಗುವಂತೆ ಬಳಸಲಾಗದು.

ಆದರೆ ಮೌನವೆಲ್ಲವೂ ಧರ್ಮವೇ? ಅಲ್ಲವೆಂಬುದಕ್ಕೆ ಈ ಶತಮಾನವು ನೋವಿನ ಸಾಕ್ಷ್ಯವನ್ನು ಕೊಟ್ಟಿದೆ. ಮಕ್ಕಳ ಮೇಲೆ ಅತ್ಯಾಚಾರವೆಸಗಿದ ಯಾಜಕರ ಸಂಗತಿಯನ್ನು ಹಲವು ದೇಶಗಳ ಧರ್ಮಾಧಿಕಾರಿಗಳು ಸಭೆಯ ಮಾನರಕ್ಷಣೆಗೆಂದು ಮುಚ್ಚಿದ್ದರು. ೨೦೧೭ರಲ್ಲಿ ಆಸ್ಟ್ರೇಲಿಯದ ವಿಚಾರಣಾ ಆಯೋಗವು, ಇಂಥ ಅಪರಾಧಗಳ ವಿಷಯದಲ್ಲಿ ಪಾಪನಿವೇದನೆಗೂ ವಿನಾಯಿತಿ ಸಲ್ಲದೆಂದು ಶಿಫಾರಸು ಮಾಡಿತು. ೨೦೧೯ರ ಡಿಸೆಂಬರಿನಲ್ಲಿ ಪೋಪ್ ಫ್ರಾನ್ಸಿಸರು ಇಂಥ ಪ್ರಕರಣಗಳ ಮೇಲಿದ್ದ ಆಡಳಿತದ ಗೋಪ್ಯವನ್ನು ತೆಗೆದುಹಾಕಿದರು. ನಿವೇದನೆಯ ಮುದ್ರೆಯನ್ನು ಮಾತ್ರ ಮುಟ್ಟಲಿಲ್ಲ. ಮಗುವಿನ ರಕ್ಷಣೆಯೂ ಪಶ್ಚಾತ್ತಾಪದ ಬಾಗಿಲೂ ಒಂದಕ್ಕೊಂದು ಎದುರಾಗುವ ಈ ಸ್ಥಳದಲ್ಲಿ ಸುಲಭವಾದ ಉತ್ತರವಿಲ್ಲ. ಪಶ್ಚಾತ್ತಾಪವಿಲ್ಲದವನಿಗೆ ಕ್ಷಮಾವಚನವನ್ನು ನಿರಾಕರಿಸುವ ಅಧಿಕಾರವು ಯಾಜಕನಿಗುಂಟು. ಅದೊಂದರಿಂದಲೇ ಮಗುವು ಉಳಿಯುವುದೆಂದು ಯಾರೂ ಹೇಳಲಾರರು.

ಆದರೂ ಈ ಎರಡು ಗೋಪ್ಯಗಳ ಭೇದವು ಸ್ಪಷ್ಟವಾದುದು. ಒಂದರಲ್ಲಿ ಗುಟ್ಟು ನಂಬಿ ಬಂದವನದು. ಮತ್ತೊಂದರಲ್ಲಿ ಅಧಿಕಾರಸ್ಥರು ತಮ್ಮ ಲಜ್ಜೆಯನ್ನೇ ಗುಟ್ಟೆಂದು ಕರೆದಿದ್ದರು. ಮತ್ತಾಯನ ಸುವಾರ್ತೆಯ ೧೮ನೆಯ ಅಧ್ಯಾಯವು ತಪ್ಪಿತಸ್ಥನೊಡನೆ ಮೊದಲು ಏಕಾಂತದಲ್ಲಿ ಮಾತನಾಡಬೇಕೆನ್ನುವುದು. ಅವನು ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದೊಯ್ಯಬೇಕು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಬೇಕು. ಏಕಾಂತದಿಂದ ಆರಂಭಿಸುವುದು ಕರುಣೆ. ಏಕಾಂತದಲ್ಲಿಯೇ ಹೂತುಬಿಡದಿರುವುದು ನ್ಯಾಯ. ಈ ಎರಡಕ್ಕೂ ಸಮಯವನ್ನರಿಯುವುದೇ ವಿವೇಕ. ಮೌನವಾಗಿರುವವನು ತನ್ನನ್ನು ತಾನೇ ಕೇಳಿಕೊಳ್ಳಬೇಕಾದುದು ಇಷ್ಟು: ಈ ಮೌನದ ನೆರಳಿನಲ್ಲಿ ನಿಂತಿರುವವರು ಯಾರು, ನಂಬಿದವನೋ, ನಂಬುಗೆಯನ್ನು ಮುರಿದವನೋ?