ಹೂಳಿನ ಹೊಣೆ ಯಾರದು?

ತಿಳಿಯದೆ ಮಾಡಿದ ಕೆಡುಕು ಪಾಪವೇ? ಘೋರ ಪಾಪವಾಗಬೇಕಾದರೆ ಪೂರ್ಣ ತಿಳಿವು ಬೇಕು, ಮನಸ್ಸಿನ ಪೂರ್ಣ ಒಪ್ಪಿಗೆಯೂ ಬೇಕು ಎಂದು ಧರ್ಮೋಪದೇಶದ ತರಗತಿಯಲ್ಲಿ ನಾವೆಲ್ಲರೂ ಕಲಿತಿದ್ದೇವೆ. ಹಾಗಾದರೆ ಯಾರೂ ತಿಳಿದು ಮಾಡದ ಕೆಡುಕಿಗೆ ಯಾರೂ ಹೊಣೆಗಾರರಲ್ಲವೇ? ಅಮೆರಿಕದ ಹಳೆಯ ನೀರಿನ ಗಿರಣಿಗಳ ಕಥೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ನೀರಿನ ಬಲದಿಂದ ಧಾನ್ಯ ಬೀಸುವುದು ಬಹಳ ಹಳೆಯ ವಿದ್ಯೆ. ಮಠದ ಆವರಣದೊಳಗೆ ನೀರು, ತೋಟಗಳ ಜೊತೆಗೆ ಗಿರಣಿಯೂ ಇರಲಿ ಎಂದು ಆರನೆಯ ಶತಮಾನದಲ್ಲೇ ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯಲ್ಲಿ ಬರೆದರು. ಯುರೋಪಿನಿಂದ ವಲಸೆ ಹೋದವರು ಈ ವಿದ್ಯೆಯನ್ನು ಅಮೆರಿಕಕ್ಕೂ ಒಯ್ದರು. ಹೊಳೆಗೆ ಅಡ್ಡಲಾಗಿ ಕಟ್ಟೆ ಕಟ್ಟಿ, ನೀರು ನಿಲ್ಲಿಸಿ, ಅದು ಧುಮುಕುವ ರಭಸದಿಂದ ಚಕ್ರ ತಿರುಗಿಸಿದರು. 1840ರ ವೇಳೆಗೆ ಆ ದೇಶದ ಪೂರ್ವಭಾಗದಲ್ಲಿ 65,000ಕ್ಕೂ ಹೆಚ್ಚು ನೀರಿನ ಗಿರಣಿಗಳಿದ್ದವು.

ಅದೇ ಕಾಲದಲ್ಲಿ ಕಾಡು ಕಡಿದು ಹೊಲ ಮಾಡಿದ್ದರಿಂದ ಗುಡ್ಡದ ಮಣ್ಣು ಕೊಚ್ಚಿ ಬಂದು ಕಟ್ಟೆಗಳ ಹಿಂದೆ ತುಂಬಿಕೊಂಡಿತು. ಮುಂದೆ ಹಬೆಯಂತ್ರ ಬಂತು. ಗಿರಣಿಗಳು ನಿಂತವು, ಕಟ್ಟೆಗಳು ಒಡೆದವು. ಹೂಳನ್ನು ಸೀಳಿಕೊಂಡು ನೀರು ಆಳಕ್ಕಿಳಿಯಿತು. ಎತ್ತರದ ದಡಗಳ ನಡುವೆ ಬಳುಕಿ ಹರಿಯುವ ಹೊಳೆಯನ್ನು ನೋಡಿದವರು, ಸೃಷ್ಟಿಕರ್ತನು ಮಾಡಿದ ಹೊಳೆ ಇದೇ ಎಂದುಕೊಂಡರು. ವಿದ್ವಾಂಸರೂ ಹಾಗೆಯೇ ನಂಬಿದರು.

2008ರಲ್ಲಿ ರಾಬರ್ಟ್ ವಾಲ್ಟರ್ ಮತ್ತು ಡೊರೊತಿ ಮೆರಿಟ್ಸ್ ಎಂಬ ಭೂವಿಜ್ಞಾನಿಗಳು ಬೇರೆಯೇ ಸತ್ಯವನ್ನು ತೋರಿಸಿದರು. ಪೆನ್ಸಿಲ್ವೇನಿಯ ಮತ್ತು ಸುತ್ತಲಿನ ಕಣಿವೆಗಳಲ್ಲಿ 1ರಿಂದ 5 ಮೀಟರ್ ದಪ್ಪದ ಹೂಳಿನ ಕೆಳಗೆ ಜೌಗುನೆಲದ ಕಪ್ಪು ಮಣ್ಣಿತ್ತು. ಗಿರಣಿಗಳು ಬರುವ ಮೊದಲು ಅಲ್ಲಿ ನೀರು ಸಣ್ಣ ಸಣ್ಣ ಕವಲುಗಳಾಗಿ ಹಸಿರು ಜೌಗಿನ ನಡುವೆ ಹರಿಯುತ್ತಿತ್ತು. ಇಂದಿಗೂ ಆ ದಡಗಳು ಕುಸಿಯುತ್ತಿವೆ. ಮಣ್ಣು ಚೆಸಪೀಕ್ ಕೊಲ್ಲಿಯನ್ನು ಸೇರಿ ನೀರನ್ನು ಕದಡುತ್ತಿದೆ.

ಗಿರಣಿಯವನು ಕೆಟ್ಟವನೇ? ಖಂಡಿತ ಅಲ್ಲ. ಅವನು ಊರಿನ ರೊಟ್ಟಿಗೆ ಹಿಟ್ಟು ಬೀಸಿದ. ಇನ್ನೂರು ವರ್ಷಗಳ ನಂತರ ದೂರದ ಕೊಲ್ಲಿಯಲ್ಲಿ ಏನಾದೀತೆಂದು ಅವನಿಗೆ ತಿಳಿಯುವ ದಾರಿಯಿರಲಿಲ್ಲ. ಆದರೆ ದೋಷ ಬೇರೆ, ಹೊಣೆ ಬೇರೆ. ಅಪ್ಪನ ಹೊಲ ನನಗೆ ಬೇಕು, ಹೊಲದ ಮೇಲಿನ ಸಾಲ ಬೇಡ ಎಂದು ಮಗ ಹೇಳಬಹುದೇ? ಸಾಲ ಮಾಡಿದವನು ಅವನಲ್ಲ, ನಿಜ. ಹೊಲದ ಫಸಲು ಉಣ್ಣುವವನು ಮಾತ್ರ ಅವನೇ.

ಹಾಗೆಂದು ಹಳೆಯ ಕಟ್ಟೆಗಳನ್ನೆಲ್ಲ ಒಡೆದುಬಿಟ್ಟರೆ ಹೊಣೆ ತೀರುವುದಿಲ್ಲ. ಹೂಳು ಹಾಗೆಯೇ ಕೆಳಗಿನ ಊರಿನವರ ಪಾಲಾಗುತ್ತದೆ, ಅಷ್ಟೆ. 2011ರಲ್ಲಿ ಪೆನ್ಸಿಲ್ವೇನಿಯದ ಬಿಗ್ ಸ್ಪ್ರಿಂಗ್ ರನ್ ಎಂಬ ಹೊಳೆಯಲ್ಲಿ ಮೊದಲು ಹೂಳನ್ನು ಅಗೆದು ಹೊರಗೆ ಸಾಗಿಸಿ, ಹಳೆಯ ಜೌಗುನೆಲ ಮರಳಿ ಬರುವಂತೆ ಮಾಡಿದರು. ಅಗೆದವರಲ್ಲಿ ಒಬ್ಬರೂ ಆ ಹೊಳೆಗೆ ಕಟ್ಟೆ ಕಟ್ಟಿದವರಲ್ಲ.

ನಮ್ಮ ಮನೆಗಳಲ್ಲೂ ಹಿರಿಯರು ತಿಳಿಯದೆ ಬಿಟ್ಟುಹೋದ ಹೂಳು ಇದ್ದೀತು. ಒಡೆದ ಸಂಬಂಧವಿರಬಹುದು, ನೆರೆಯವರೊಡನೆ ಹಳೆಯ ಜಗಳವಿರಬಹುದು. ಅವರನ್ನು ದೂಷಿಸುವುದು ಬೇಡ; ಅವರು ಕೊಟ್ಟ ರೊಟ್ಟಿಗಾಗಿ ಕೃತಜ್ಞರಾಗಿರೋಣ. ಆದರೆ ಕಣ್ಣಿಗೆ ಬಿದ್ದ ಮೇಲೆ, ಇದು ನಾನು ಮಾಡಿದ್ದಲ್ಲ ಎಂದು ಕೈತೊಳೆದುಕೊಳ್ಳದೆ, ಅದನ್ನು ಎತ್ತಲು ಕೈ ಹಾಕೋಣ.