ಬಿದಿಗೆಯ ಬೇಡಿಕೆ



ದೀಪಾವಳಿಯು ಕೊಡುವವರ ಹಬ್ಬವಾಗಿರುವಂತೆ ಬೇಡುವವರ ಹಬ್ಬವೂ ಆಗಿದೆ. ನರಕಚತುರ್ದಶಿಯ ಬೆಳಗಿನ ಆರತಿಯ ತಟ್ಟೆಗೆ ಏನು ಹಾಕಬೇಕು, ಪಾಡ್ಯಕ್ಕೆ ಅಳಿಯನಿಗೆ ಏನು ಕೊಡಬೇಕು, ಬಿದಿಗೆಗೆ ತಂಗಿಗೆ ಯಾವ ಸೀರೆ ಎಂಬ ಮಾತು ನಮ್ಮ ಮನೆಗಳಲ್ಲಿ ಮಹಾನವಮಿ ಮುಗಿಯುತ್ತಲೇ ಆರಂಭವಾಗುತ್ತದೆ. ಮನೆಯವನೊಬ್ಬನು ಪರದೇಶಕ್ಕೆ ಹೊರಟು ನಿಂತಿದ್ದರೆ ಆ ಮಾತಿನ ತೂಕವೇ ಬೇರೆ.

ನವಲಗುಂದ ತಾಲೂಕಿನಲ್ಲಿ, ಬೆಣ್ಣೆಹಳ್ಳದ ದಂಡೆಯ ಮೇಲಿರುವ ಯಮನೂರಿನ ಒಂದು ಮನೆಯಲ್ಲಿ ಇಂಥ ಹಬ್ಬವನ್ನು ನಾವು ಕಂಡೆವು. ಮನೆಯ ಮಗನು ಪತ್ನಿಯೊಡನೆ ಅಮೆರಿಕೆಯ ನ್ಯೂಜರ್ಸಿಗೆ ಹೊರಡುವವನಿದ್ದನು. ಬಂದ ಬಂಧುಗಳೆಲ್ಲರೂ ‘ಏನು ಬೇಕು, ಕೇಳು’ ಎನ್ನುವವರೇ. ಸೋದರತ್ತೆಯವರಿಗೆ ನವಲಗುಂದದ ದೊಡ್ಡ ಜಮಖಾನೆಯನ್ನೇ ಕೊಡಬೇಕೆಂಬ ಹಟ. ತಾಯಿಯವರಿಗೆ ಬೆಳ್ಳಿಯ ದೀಪಗಳು. ವಿಮಾನದವರು ಒಪ್ಪಿದ್ದು ತಲೆಗೆ 23 ಕಿಲೋ ತೂಕದ ಎರಡೆರಡು ಪೆಟ್ಟಿಗೆಗಳನ್ನು ಮಾತ್ರ. ಹುಡುಗನು ಕಂಗೆಟ್ಟು ನಮ್ಮನ್ನು ಕೇಳಿದನು.

ಬಲಿಪಾಡ್ಯಮಿಯ ದಿನ ನಾವು ಸ್ಮರಿಸುವುದು ಬೇಡಲು ಬಂದ ಪರಮಾತ್ಮನನ್ನೇ ಅಲ್ಲವೇ? ಭಾಗವತದ ಅಷ್ಟಮಸ್ಕಂಧದಲ್ಲಿ ಬಲಿಯು ಬಟುವಿಗೆ, ಇಷ್ಟು ಅಲ್ಪವನ್ನೇಕೆ ಬೇಡುವಿ, ಒಂದು ದ್ವೀಪವನ್ನೇ ಬೇಡು ಎನ್ನುತ್ತಾನೆ. ಮೂರು ಹೆಜ್ಜೆಯಿಂದ ತೃಪ್ತನಾಗದವನು ದ್ವೀಪದಿಂದಲೂ ತೃಪ್ತನಾಗಲಾರನೆಂಬುದು ವಾಮನನ ಉತ್ತರ. ಸರ್ವಸ್ವತಂತ್ರನೂ ನಿತ್ಯತೃಪ್ತನೂ ಆದ ಸ್ವಾಮಿಗೆ ಯಾವ ಕೊರತೆ? ಆದರೂ ತನ್ನ ಪಾದದ ಅಳತೆಯನ್ನು ಮೀರಿ ಬೇಡಲಿಲ್ಲ. ಆ ಪಾದ ಎಷ್ಟು ದೊಡ್ಡದಾಯಿತೆಂಬುದು ಬೇರೆ ಮಾತು!

ಹುಡುಗನಿಗೆ ಇಷ್ಟು ಸಾಕಾಯಿತು. ಗೋಪೀಚಂದನದ ಗಡ್ಡೆ, ಅಜ್ಜನ ತಾಮ್ರದ ಪಂಚಪಾತ್ರೆ-ಉದ್ಧರಣೆ, ಇಬ್ಬರು ಕೂಡುವಷ್ಟು ಚಿಕ್ಕ ಜಮಖಾನೆ, ಇವನ್ನು ಬೇಡಿಕೊಂಡನು. ಜೊತೆಗೆ ಮಠದ ಪಂಚಾಂಗವನ್ನೂ ಕೇಳಿದಾಗ ನಾವು ತಡೆದೆವು. ತಿಥಿಯು ಲೋಕಕ್ಕೆಲ್ಲ ಒಂದೇ ಕ್ಷಣದಲ್ಲಿ ಆರಂಭವಾಗುತ್ತದೆ. ಆದರೆ ನ್ಯೂಜರ್ಸಿಯ ಗಡಿಯಾರವು ನಮಗಿಂತ ಒಂಬತ್ತೂವರೆ ಅಥವಾ ಹತ್ತೂವರೆ ಗಂಟೆ ಹಿಂದೆ. ಇಲ್ಲಿ ಮಂಗಳವಾರ ರಾತ್ರಿ ಹತ್ತಕ್ಕೆ ಬಿದಿಗೆ ತೊಡಗಿದರೆ ಅಲ್ಲಿ ಮಂಗಳವಾರ ಮಧ್ಯಾಹ್ನದ ಆಸುಪಾಸಿಗೇ ತೊಡಗಿತು. ಅಪರಾಹ್ನದಲ್ಲಿ ಬಿದಿಗೆ ಇರುವ ದಿನವೇ ಯಮದ್ವಿತೀಯಾ ಆದ್ದರಿಂದ ಅವರಿಗೆ ಮಂಗಳವಾರ, ನಮಗೆ ಬುಧವಾರ. ಏಕಾದಶಿಗೂ ಅಲ್ಲಿಯ ಸೂರ್ಯೋದಯವೇ ಲೆಕ್ಕ. ಆದಕಾರಣ ಆ ಸ್ಥಳಕ್ಕೆ ಗಣಿಸಿದ ಪಂಚಾಂಗವೇ ಬೇಕು. ನ್ಯೂಜರ್ಸಿಯ ಎಡಿಸನ್ನಿನಲ್ಲಿ ಪುತ್ತಿಗೆ ಮಠದ ಶ್ರೀಕೃಷ್ಣವೃಂದಾವನವಿದೆ. ಅಲ್ಲಿ ವಿಚಾರಿಸೆಂದು ಹೇಳಿದೆವು.

ಬಿದಿಗೆಯ ದಿನ ಯಮನು ತಂಗಿ ಯಮುನೆಯ ಮನೆಯಲ್ಲಿ ಉಂಡ ಕಥೆಯನ್ನು ಹೇಳಿದೆವು. ಯಮನೂರಿನಲ್ಲಿ ಯಮನ ಕಥೆಯೇ ಎಂದು ಮಕ್ಕಳು ನಕ್ಕರು. ಸಂತುಷ್ಟನಾದ ಯಮನು ವರ ಬೇಡೆಂದಾಗ ಯಮುನೆಯು ಬೇಡಿದ್ದು ಆಭರಣವನ್ನಲ್ಲ. ಪ್ರತಿವರ್ಷ ಇದೇ ದಿನ ನನ್ನ ಮನೆಗೆ ಊಟಕ್ಕೆ ಬರಬೇಕೆಂದು.

ಈ ಮಾತಿಗೆ ಬಾಗಿಲ ಬಳಿ ನಿಂತಿದ್ದ ಹುಡುಗನ ತಂಗಿಯು ಕಣ್ಣೊರೆಸಿಕೊಂಡಳು. ಕಥೆಯನ್ನು ಆಗ ಹೇಳಬಾರದಾಗಿತ್ತೇನೋ ಎಂದು ನಮಗೂ ಅನಿಸಿತು. ಪ್ರತಿವರ್ಷ ಬರುವೆನೆಂದು ಅವನು ಹೇಗೆ ಮಾತು ಕೊಟ್ಟಾನು? ಹುಸಿ ಮಾತನ್ನು ನಾವು ಹೇಗೆ ಕೊಡಿಸೋಣ? ಅಂದು ಪುರುಷನು ಸ್ವಗೃಹದಲ್ಲಿ ಉಣ್ಣದೆ ಸಹೋದರಿಯ ಕೈಯಿಂದ ಉಣ್ಣಬೇಕೆಂದೂ, ಒಡಹುಟ್ಟಿದವಳಿಲ್ಲದಿದ್ದರೆ ಆ ಸ್ಥಾನದಲ್ಲಿರುವ ಬೇರೊಬ್ಬಳ ಮನೆಯಲ್ಲಿ ಉಣ್ಣಬಹುದೆಂದೂ ನಿಬಂಧಕಾರರು ಹೇಳಿದ್ದಾರೆ. ಅಷ್ಟನ್ನು ತಿಳಿಸಿ ಸುಮ್ಮನಾದೆವು. ಒಡಹುಟ್ಟಿದವಳು ಎದುರಿಗೇ ನಿಂತಿರುವಾಗ ಆ ವಚನವನ್ನು ಹೇಳುವುದು ಸುಲಭವಾಗಿರಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳೇ ಮಾತನಾಡಿದಳು. “ಅಣ್ಣಾ, ಈ ವರ್ಷ ನನಗ ಸೀರಿ ಬ್ಯಾಡ. ಅಲ್ಲೆ ಯಾರನ್ನರ ತಂಗಿ ಅಂತ ಮಾಡ್ಕೊ, ಆ ಸೀರಿ ಆಕಿಗೆ ಕೊಡು. ಬಿದಿಗಿ ದಿನ ಆಕಿ ಕೈಲೆ ಉಣ್ಣು. ಆದರ ಎಲಿ ಮುಂದ ಕೂತಾಗ ನನಗ ಫೋನ್ ಮಾಡು.”

“ಆಗ ಇಲ್ಲೆ ನಡುರಾತ್ರಿ ಆಗಿರ್ತದಲ್ಲs” ಎಂದನು ಅಣ್ಣ.

“ಎಚ್ಚರ ಇರ್ತೀನಿ.”

॥ ಶ್ರೀಕೃಷ್ಣಾರ್ಪಣಮಸ್ತು ॥