ಬೇಡವೆನ್ನುವ ಹಕ್ಕು

ಹರಿಹರದ ಸೇತುವೆಯಡಿ ಹಾದುಹೋಗುವ ತುಂಗಭದ್ರೆ ಹೊಸಪೇಟೆಯ ಅಣೆಕಟ್ಟು ದಾಟಿ ಹಂಪಿಯ ಬಳಿ ಕವಲೊಡೆಯುತ್ತದೆ. ಆ ಕವಲುಗಳ ನಡುವಿನ ನೆಲವೇ ವಿರೂಪಾಪುರಗಡ್ಡೆ. ಭತ್ತ ಬೆಳೆಯುತ್ತಿದ್ದ ಈ ನಡುಗಡ್ಡೆ ಕೆಲವೇ ದಶಕಗಳಲ್ಲಿ ರೆಸಾರ್ಟುಗಳ, ವಾರಗಟ್ಟಲೆ ತಂಗುವ ಪ್ರವಾಸಿಗರ, ರಾತ್ರಿಯ ಸಂಗೀತ ಕೂಟಗಳ ತಾಣವಾಯಿತು. ಸಂರಕ್ಷಿತ ಪ್ರದೇಶದಲ್ಲಿ ಕಟ್ಟಿದ ಈ ಕಟ್ಟಡಗಳು ಅಕ್ರಮವೆಂಬ ಹೈಕೋರ್ಟ್ ತೀರ್ಪನ್ನು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮರುತಿಂಗಳು ಜೆಸಿಬಿಗಳು ಬಂದವು.

ಕಾನೂನಿನ ದೃಷ್ಟಿಯಿಂದ ತೀರ್ಪು ಸರಿಯೇ. ಆದರೆ ನಷ್ಟ ಯಾರ ಪಾಲಿಗೆ ಬಂತೆಂಬುದನ್ನೂ ನೋಡಬೇಕು. ಸಾಲ ಮಾಡಿ ಕೋಣೆ ಕಟ್ಟಿದವರು, ಅಡುಗೆಗೆ ನಿಂತವರು, ದೋಣಿ ನಡೆಸುತ್ತಿದ್ದವರು ದುಡಿಮೆ ಕಳೆದುಕೊಂಡರು. ಅತಿಥಿಗಳಿಗೆ ಹೋಗಲು ಗೋಕರ್ಣವಿತ್ತು, ಗೋವಾ ಇತ್ತು. ಬಂದವರಿಗೆ ಹೊರಡುವುದು ಸುಲಭ, ಇರುವವರಿಗೆ ಅದೊಂದೇ ಊರು. ದೂರದ ಊರುಗಳಲ್ಲಿ ಶಿಬಿರ, ಸಮ್ಮೇಳನ, ಮದುವೆ ಏರ್ಪಡಿಸುವ ಅಭ್ಯಾಸ ನಮ್ಮ ದಾವಣಗೆರೆಯಂಥ ನಗರಗಳಲ್ಲೂ ಬೆಳೆಯುತ್ತಿರುವಾಗ ಈ ಅಸಮಾನತೆಯನ್ನು ಮರೆಯುವಂತಿಲ್ಲ. ಇನ್ನೊಬ್ಬರ ನೆಲದಲ್ಲಿ ನಡೆಸುವ ಕಾರ್ಯಕ್ರಮ ನ್ಯಾಯವೋ ಅಲ್ಲವೋ ಎಂದು ಅಳೆಯಲು ನನಗೆ ಕಾಣುವ ಮೊದಲ ಅಳತೆಗೋಲು ಒಂದೇ: ಅಲ್ಲಿಯವರಿಗೆ ಬೇಡವೆನ್ನುವ ಹಕ್ಕು ನಿಜವಾಗಿ ಇತ್ತೇ?

ಆ ಹಕ್ಕು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪೆಸಿಫಿಕ್ ಸಾಗರದ ಒಂದು ಘಟನೆ ಸಾಕ್ಷಿ. ಇಂದಿನ ವನುವಾಟು ದೇಶಕ್ಕೆ ಸೇರಿದ ಪೆಂಟೆಕಾಸ್ಟ್ ದ್ವೀಪದಲ್ಲಿ ಗೆಣಸಿನ ಸುಗ್ಗಿಯ ಹೊತ್ತಿಗೆ ಗಂಡಸರು ಕಾಲಿಗೆ ಬಳ್ಳಿ ಕಟ್ಟಿಕೊಂಡು ಎತ್ತರದ ಮರದ ಗೋಪುರದಿಂದ ನೆಲದತ್ತ ಧುಮುಕುತ್ತಾರೆ. ಬಳ್ಳಿ ಹದವಾಗಿ ಬಳುಕುವ ತಿಂಗಳುಗಳಲ್ಲಿ ಮಾತ್ರ ಈ ಆಚರಣೆ. 1974ರಲ್ಲಿ ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಭೇಟಿ ಕೊಟ್ಟಾಗ, ದ್ವೀಪಗಳನ್ನು ಆಳುತ್ತಿದ್ದ ವಸಾಹತು ಆಡಳಿತಕ್ಕೆ ಇದನ್ನು ಆಕೆಗೆ ತೋರಿಸುವ ಆಸೆಯಾಯಿತು. ಅದು ಫೆಬ್ರುವರಿ, ಬಳ್ಳಿಗೆ ಹದ ಬಂದಿರಲಿಲ್ಲ. ಧುಮುಕಿದವರಲ್ಲಿ ಒಬ್ಬ ಸತ್ತ. ಬಳ್ಳಿಯ ಹದ ಬಲ್ಲವರು ದ್ವೀಪದಲ್ಲೇ ಇದ್ದರು. ದಿನ ಗೊತ್ತುಮಾಡಿದ್ದು ಮಾತ್ರ ಅತಿಥಿಯ ಪ್ರಯಾಣಪಟ್ಟಿ.

ಅದೇ ಸಾಗರದಲ್ಲಿ ಬೇರೆ ದಾರಿಗಳೂ ಇವೆ. ಫಿಜಿಯ ಹಳ್ಳಿಗೆ ಹೋಗುವವರು ಮೊದಲು ಯಂಗೋನ ಎಂಬ ಗಿಡದ ಬೇರನ್ನು ಊರಿನ ಹಿರಿಯರ ಮುಂದಿಟ್ಟು ಒಳಬರಲು ಒಪ್ಪಿಗೆ ಕೇಳಬೇಕು. ಪಲಾವ್ ದೇಶ 2017ರಿಂದ ಪ್ರತಿ ಪ್ರವಾಸಿಯ ಪಾಸ್‌ಪೋರ್ಟಿನಲ್ಲೇ ಒಂದು ಪ್ರತಿಜ್ಞೆಯ ಮುದ್ರೆ ಒತ್ತಿ ಸಹಿ ಹಾಕಿಸುತ್ತದೆ. ಈ ನೆಲವನ್ನು ಕಾಯುತ್ತೇನೆಂದು ಪ್ರವಾಸಿ ಅಲ್ಲಿ ಮಾತು ಕೊಡುವುದು ಆ ದೇಶದ ಮಕ್ಕಳಿಗೆ. ಎರಡೂ ಕಡೆ ಷರತ್ತು ಹಾಕುವವರು ಅಲ್ಲಿಯವರು.

ಹೀಗೆ ಷರತ್ತು ಹಾಕುವ ಹಕ್ಕಿನ ಬೆಲೆಯನ್ನು ದಾವಣಗೆರೆಯವರಿಗೆ ವಿವರಿಸಿ ಹೇಳಬೇಕಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಗೆ ದಿನ ಗೊತ್ತುಮಾಡುವುದು, ಸಾರು ಹಾಕುವುದು, ನೆಂಟರನ್ನು ಕರೆಯುವುದು ಎಲ್ಲವೂ ಊರಿನವರೇ. ಹೊರಗಿನ ಯಾವುದೋ ಕಂಪನಿಯ ಅನುಕೂಲಕ್ಕಾಗಿ ಜಾತ್ರೆಯನ್ನು ಹಿಂದುಮುಂದು ಮಾಡಿ ಎಂದರೆ ನಾವು ಒಪ್ಪುವುದಿಲ್ಲ. ನಾವು ಒಪ್ಪದ್ದನ್ನು ಬೇರೆ ಊರಿನವರು, ತಾಂಡಾದವರು, ಹಾಡಿಯವರು ಒಪ್ಪಲೆಂದು ಬಯಸುವುದು ನ್ಯಾಯವಲ್ಲ. ಸಭೆಯ ಬಾಗಿಲಲ್ಲಿ ಅತಿಥಿಗಳನ್ನು ಸ್ವಾಗತಿಸಲು ಲಂಬಾಣಿ ಹೆಣ್ಣುಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ಕುಣಿಸುವಾಗಲೂ ಇದೇ ಪ್ರಶ್ನೆ ಏಳಬೇಕು.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ಊರಿನವರ ಮಾತೇ ಕೊನೆಯದಾದರೆ, ಊರಿನೊಳಗಿನ ಅನ್ಯಾಯವನ್ನೂ ಸಂಪ್ರದಾಯವೆಂದು ಗೌರವಿಸಬೇಕೇ? ಖಂಡಿತ ಕೂಡದು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು 1986ರಲ್ಲಿ ತಡೆಯಲು ಹೋದವರು ಪೆಟ್ಟು ತಿಂದರು. ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ದೇವದಾಸಿ ಸಮರ್ಪಣೆಯನ್ನು 1982ರ ಕಾಯ್ದೆ ಅಪರಾಧವೆಂದಿತು. ಈ ಎರಡೂ ಮಧ್ಯಪ್ರವೇಶಗಳು ಸರಿಯಾಗಿದ್ದವು. ಏಕೆಂದರೆ ನಾವು ಕಾಯಬೇಕಾದದ್ದು ಬದುಕಿರುವ ಮನುಷ್ಯರ ಘನತೆಯನ್ನು. ಆಚರಣೆಗೆ ಬೆಲೆ ಬರುವುದು ಅದರಲ್ಲಿ ತೊಡಗಿದವರ ಮನಸ್ಸಿನಿಂದ. ಬೇಡವೆನ್ನುವ ಹಕ್ಕು ಹೊರಗಿನವರ ಎದುರು ಊರಿಗಿರುವಂತೆ, ಊರ ಯಜಮಾನರ ಎದುರು ಹೆಣ್ಣಿಗೂ ದಲಿತ ಕೇರಿಗೂ ಇರಬೇಕು. ಹಿರಿಯನೊಬ್ಬ ತಲೆಯಾಡಿಸಿದ ಮಾತ್ರಕ್ಕೆ ಇಡೀ ಊರು ಒಪ್ಪಿತೆಂದು ತಿಳಿಯುವ ಸಂಘಟಕರು ತಮಗೆ ಅನುಕೂಲವಾದ ಒಪ್ಪಿಗೆಯನ್ನಷ್ಟೇ ಪಡೆದಿರುತ್ತಾರೆ.

ಎರಡನೆಯ ಆಕ್ಷೇಪ ಹೊಟ್ಟೆಪಾಡಿನದು. ಹಣ ಬರುತ್ತದೆ, ಹುಡುಗರಿಗೆ ಕೆಲಸ ಸಿಗುತ್ತದೆ, ತಡೆಯಲು ನಾವು ಯಾರು ಎಂದು ಕೇಳುವವರಿದ್ದಾರೆ. ಈ ಮಾತಿನಲ್ಲಿ ಸತ್ಯವಿದೆ. ಬಡತನವನ್ನು ಸಂಸ್ಕೃತಿಯೆಂದು ಕರೆದು ಹಾಗೇ ಉಳಿಸಬೇಕೆನ್ನುವುದು ಕ್ರೌರ್ಯ. ಆದರೆ ಹಸಿದವರು ಕೊಡುವ ಒಪ್ಪಿಗೆ ಎಷ್ಟು ಸ್ವತಂತ್ರ ಎಂಬುದನ್ನೂ ಕೇಳಬೇಕಾಗುತ್ತದೆ. ಎರಡು ದಿನದ ಕೂಲಿ ಕೊಟ್ಟು, ಕುಡಿಯುವ ನೀರು ಬಳಸಿ, ಪ್ಲಾಸ್ಟಿಕ್ ಬಿಟ್ಟು ಹೋಗುವ ಕೂಟದಿಂದ ಊರಿಗೆ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಲೆಕ್ಕ ಹಾಕಿದರೆ ಹಣ ಬರುತ್ತದೆ ಎಂಬ ವಾದದ ನಿಜವಾದ ತೂಕ ಗೊತ್ತಾಗುತ್ತದೆ. ವಿರೂಪಾಪುರಗಡ್ಡೆಯ ಪಾಠವೂ ಇದೇ: ಕಾನೂನಿನ ಆಸರೆಯಿಲ್ಲದೆ ಕಟ್ಟಿದ ಜೀವನೋಪಾಯ ಬಡವರ ತಲೆಯ ಮೇಲೆಯೇ ಕುಸಿಯುತ್ತದೆ.

ಆದ್ದರಿಂದ ದಾವಣಗೆರೆ, ಹರಿಹರದ ಸಂಘ ಸಂಸ್ಥೆಗಳಲ್ಲಿ ನನ್ನ ವಿನಂತಿ ಇಷ್ಟು. ದಿನ ನಿಗದಿ ಮಾಡುವ ಮೊದಲು ಆ ಊರಿನವರನ್ನು ಕೇಳಿ. ಸಾಧ್ಯವಿದ್ದಲ್ಲಿ ಗ್ರಾಮಸಭೆಯ ಮುಂದೆ ವಿಷಯವಿಡಿ, ಹೆಂಗಸರೂ ಮಾತಾಡುವಂತಿರಲಿ. ಸುಗ್ಗಿ, ಸಾವು, ಪೂಜೆಯ ದಿನಗಳನ್ನು ಬಿಟ್ಟುಕೊಡಿ. ಕಟ್ಟಡಕ್ಕೆ ಪರವಾನಗಿ ಇದೆಯೇ ನೋಡಿ. ಕಲಾವಿದರಿಗೆ ನಗರದ ಕಲಾವಿದರಿಗೆ ಕೊಡುವಷ್ಟೇ ಸಂಭಾವನೆ ಕೊಡಿ. ಕೇಳದೆ ಫೋಟೊ ತೆಗೆಯಬೇಡಿ. ಕಸವನ್ನು ನೀವೇ ಹೊತ್ತು ತನ್ನಿ. ಅವರು ಬೇಡವೆಂದರೆ ಕಾರಣ ಕೇಳಿ ಪೀಡಿಸದೆ ಬೇರೆ ಜಾಗ ಹುಡುಕಿ. ಇದರಿಂದ ಕೆಲವು ಕಾರ್ಯಕ್ರಮಗಳು ದುಬಾರಿಯಾಗಬಹುದು, ಕೆಲವು ನಡೆಯದೆಯೂ ಹೋಗಬಹುದು. ಆ ವೆಚ್ಚ ಮೊದಲೂ ಇತ್ತು. ಇದುವರೆಗೆ ಅದನ್ನು ಭರಿಸುತ್ತಿದ್ದವರು ಅಲ್ಲಿಯ ಜನ. ಕಾರ್ಯಕ್ರಮದ ಸಂತೋಷ ನಮ್ಮದಾದ ಮೇಲೆ ಅದರ ವೆಚ್ಚವೂ ನಮ್ಮದೇ ಆಗಬೇಕು.